ಮಧ್ಯದ ಮನೆಗೆ ಎರಡು ಚಾಕು

ಗಂಜಿ ಗುಮಾಸ್ತರಿಗೆ ಚಾಕುವಿನ ಬಗ್ಗೆ ಅಭಿಪ್ರಾಯ ಎಂಬುದೇ ಇರಲಿಲ್ಲ. ಚಾಕು ಅಡುಗೆಮನೆಯಲ್ಲಿರುತ್ತದೆ, ಅಡುಗೆಮನೆಯಲ್ಲಿ ಹೆಂಡತಿ ಇರುತ್ತಾಳೆ, ಹೆಂಡತಿ ಇರುವ ಕಡೆ ತನ್ನ ಅಭಿಪ್ರಾಯಕ್ಕೆ ಕೆಲಸವಿಲ್ಲ ಎಂಬಷ್ಟು ತಿಳಿವಳಿಕೆ ಮಾತ್ರ ಇತ್ತು. ಅಂಥವರು ಒಂದೇ ಬೆಳಗ್ಗೆ, ಒಂದೇ ಕಟ್ಟಡದಲ್ಲಿ, ಚಾಕುವಿನ ಬಗ್ಗೆ ಎರಡೆರಡು ಅಭಿಪ್ರಾಯ ಹೊಂದಿಬಿಟ್ಟರು. ಅದೂ ಒಂದಕ್ಕೊಂದು ತದ್ವಿರುದ್ಧವಾದವು. ಬಾಡಿಗೆ ಮನೆಗಾಗಿ ಅಲೆದು ಚಪ್ಪಲಿ ಸವೆಸಿದವರಿಗೆ ಇದರ ಹಿಂದಿನ ಸಂಕಟ ತಾನಾಗಿಯೇ ಅರ್ಥವಾಗುತ್ತದೆ.

ಅವರ ಕೆಲಸ ಲಾಂಡ್ರಿಯ ಕೌಂಟರಿನಲ್ಲಿ. ಬೆಳಗಾದರೆ ಗಿರಾಕಿಗಳು ಬಂದು "ಇದಕ್ಕೆ ಗಂಜಿ ಬೇಡ", "ಅದಕ್ಕೆ ಗಂಜಿ ಜೋರಾಗಿರ್ಲಿ", "ಇದನ್ನ ಬಿಸಿನೀರಿಗೆ ಹಾಕಿದ್ರೆ ನಿಮ್ಮನ್ನೂ ಹಾಕ್ತೀನಿ" ಎಂದು ಒಂದೊಂದು ಮಾತು ಹೇಳಿ ಹೋಗುತ್ತಾರೆ. ಗುಮಾಸ್ತರ ಜ್ಞಾಪಕಶಕ್ತಿ ಅಸಾಧಾರಣವಾದದ್ದು. ಸಂಜೆಯ ತನಕ ಒಂದು ಮಾತನ್ನೂ ಮರೆಯುವುದಿಲ್ಲ. ಯಾವ ಮಾತು ಯಾವ ಬಟ್ಟೆಯದು ಎಂಬುದಷ್ಟೇ ಮರೆತುಹೋಗುತ್ತದೆ. ಹೀಗೆ ಒಮ್ಮೆ ಯಾರದೋ ರೇಷ್ಮೆ ಅಂಗಿಗೆ ಗಂಜಿ ಹಾಕಿಸಿ, ಆ ಅಂಗಿ ಯಾರ ನೆರವೂ ಇಲ್ಲದೆ ಮೇಜಿನ ಮೇಲೆ ನೆಟ್ಟಗೆ ನಿಂತುಕೊಂಡ ದಿನ ಅವರಿಗೆ ಈ ಬಿರುದು ಬಂತು.

ಹಿಂದಿನ ಮೂರು ಬಾಡಿಗೆ ಮನೆಗಳೂ ಅವರ ಹೆಂಡತಿಯನ್ನು ಹೈರಾಣು ಮಾಡಿದ್ದವು. ಒಂದರಲ್ಲಿ ನಲ್ಲಿ ತಿರುಗಿಸಿದರೆ ಪಕ್ಕದ ಮನೆಯಲ್ಲಿ ನೀರು ಬರುತ್ತಿತ್ತು. ಇನ್ನೊಂದರಲ್ಲಿ ಬಾಗಿಲು ಹಾಕಿದರೆ ತೆಗೆಯಲು ಬರುತ್ತಿರಲಿಲ್ಲ, ತೆಗೆದರೆ ಹಾಕಲು ಬರುತ್ತಿರಲಿಲ್ಲ. ನಾಲ್ಕನೆಯದಾಗಿ ಮೂರಂತಸ್ತಿನ ಈ ಕಟ್ಟಡದ ಮಧ್ಯದ ಮನೆ ಸಿಕ್ಕಿತು. ಆಕೆ ಒಳಗೆ ಕಾಲಿಟ್ಟವಳೇ ನಲ್ಲಿ ತಿರುಗಿಸಿದಳು, ಬಾಗಿಲು ಹಾಕಿ ತೆಗೆದಳು, ಗೋಡೆಗೆ ಕಿವಿ ಕೊಟ್ಟಳು. ಆಮೇಲೆ ಗಂಡನನ್ನು ಮೂಲೆಗೆ ಕರೆದು, "ಇನ್ನು ನಾನು ಇಲ್ಲಿಂದ ಏಳೋಳಲ್ಲ. ನೀವು ಬೇಕಾದ್ರೆ ಬೇರೆ ಮನೆ ನೋಡ್ಕೊಳ್ಳಿ" ಎಂದಳು.

ತೊಡಕಿದ್ದದ್ದು ಮನೆಯಲ್ಲಲ್ಲ, ಯಜಮಾನರಲ್ಲಿ. ಕಟ್ಟಡ ಅಣ್ಣತಮ್ಮಂದಿರಿಬ್ಬರದು. ಕೆಳಗಿನ ಮನೆಯಲ್ಲಿ ಅಣ್ಣ, ದೊಡ್ಡ ಯಜಮಾನರು. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿ ನಿವೃತ್ತರಾದವರು. ಮೇಲಿನ ಮನೆಯಲ್ಲಿ ತಮ್ಮ, ಚಿಕ್ಕ ಯಜಮಾನರು. ಊರಿನ ಲಿಫ್ಟುಗಳನ್ನೆಲ್ಲ ಪರೀಕ್ಷೆ ಮಾಡಿ ನಿವೃತ್ತರಾದವರು. ಇಬ್ಬರೂ ಒಂಟಿ ಜೀವ, ಇಬ್ಬರಿಗೂ ಜೇಬಿನಲ್ಲಿಡುವ ಮಡಿಚು ಚಾಕುಗಳನ್ನು ಕೂಡಿಡುವ ಹುಚ್ಚು. ಅಣ್ಣನಿಗೆ ಹಳೇ ಕಾಲದವು ಬೇಕು: ಮೂಳೆಯ ಹಿಡಿ, ಕೊಂಬಿನ ಹಿಡಿ, ಉಗುರು ಸಿಕ್ಕಿಸಿ ಎರಡೂ ಕೈಯಿಂದ ನಿಧಾನವಾಗಿ ಬಿಡಿಸುವ ಅಲಗು. ತಮ್ಮನಿಗೆ ಸೈನಿಕರ ಮಾದರಿಯ, ಟ್ಯಾಕ್ಟಿಕಲ್ ಎನ್ನುವಂಥವು ಬೇಕು: ಕಪ್ಪು ಬಣ್ಣ, ಜೇಬಿಗೆ ಕ್ಲಿಪ್ಪು, ಅಲಗಿಗೆ ಲಾಕು, ಹೆಬ್ಬೆರಳಿನಿಂದ ತಳ್ಳಿದರೆ ಚಟ್ಟನೆ ತೆರೆಯಬೇಕು.

ತಮ್ಮ ಮೊದಲ ಕಪ್ಪು ಚಾಕು ತಂದ ದಿನ ಅಣ್ಣ ಅದನ್ನು ತಿರುಗಿಸಿ ನೋಡಿ, "ಯಾವ ಕಾರಿನ ಬಿಡಿಭಾಗ ಇದು?" ಎಂದು ಕೇಳಿದರು. ತಮ್ಮ ಅಣ್ಣನ ಮೂಳೆ ಹಿಡಿಯ ಚಾಕುವನ್ನು ತೋರಿಸಿ, "ಇದು ಯಾರ ಹಲ್ಲು ಸೆಟ್ಟು?" ಎಂದರು. ಅಷ್ಟೇ. ಅವತ್ತು ನಿಂತ ಮಾತು ಮತ್ತೆ ಶುರುವಾಗಲಿಲ್ಲ. ಆದರೆ ಮಧ್ಯದ ಮನೆಯನ್ನು ಯಾರಿಗೆ ಕೊಡುವುದಕ್ಕೂ ಇಬ್ಬರ ಒಪ್ಪಿಗೆಯೂ ಬೇಕು. ಇಬ್ಬರೂ ತಂತಮ್ಮ ಪಕ್ಷದವರಿಗೇ ಕೊಡುತ್ತೇವೆಂದು ಹಟ ಹಿಡಿದದ್ದರಿಂದ ಮನೆ ವರ್ಷಗಟ್ಟಲೆ ಖಾಲಿ ಬಿದ್ದಿತ್ತು.

ಗುಮಾಸ್ತರು ಮೊದಲು ಕೆಳಗಿನ ಮನೆಗೆ ಹೋದರು. ದೊಡ್ಡ ಯಜಮಾನರು ಬಾಡಿಗೆಯ ಮಾತೆತ್ತಲಿಲ್ಲ. ಡ್ರಾಯರಿನಿಂದ ಒಂದು ಚಾಕು ತೆಗೆದು, ಗುಮಾಸ್ತರ ಕಿವಿಯ ಹತ್ತಿರ ಹಿಡಿದು ಬಿಡಿಸಿದರು.

"ಕೇಳಿಸ್ತಾ?"

"ಕೇಳಿಸ್ತು."

"ಏನು ಕೇಳಿಸ್ತು?"

"ಟಕ್ ಅಂತು."

"ಬರೀ ಟಕ್ಕಾ?"

ಗುಮಾಸ್ತರು ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ನೋಡಿದರು. ಅಲ್ಲಿ ಮನೆ ಸ್ಪಷ್ಟವಾಗಿ ಕಾಣುತ್ತಿತ್ತು. "ಇಲ್ಲ ಸಾರ್. ಗಂಭೀರವಾದ ಟಕ್ಕು. ಮನೆಯ ಹಿರಿಯರು ಕೆಮ್ಮಿದ ಹಾಗೆ. ಚಾಕು ಅಂದ್ರೆ ಹಳೇ ಕಾಲದ್ದೇ ಚಾಕು" ಎಂದುಬಿಟ್ಟರು. ದೊಡ್ಡ ಯಜಮಾನರ ಕಣ್ಣು ತುಂಬಿ ಬಂತು.

ಮೇಲಿನ ಮನೆಯಲ್ಲಿ ಚಿಕ್ಕ ಯಜಮಾನರು ಮೈತುಂಬ ಜೇಬಿರುವ ಪ್ಯಾಂಟು ತೊಟ್ಟು ನಿಂತಿದ್ದರು. ಎರಡು ಗೋಡೆಯ ತುಂಬ ಕಪ್ಪು ಚಾಕುಗಳು ತೂಗುತ್ತಿದ್ದವು. "ಆಪತ್ತು ಯಾವಾಗ ಬರುತ್ತೆ ಅಂತ ಹೇಳೋಕಾಗುತ್ತಾ? ಲಿಫ್ಟಿನಲ್ಲಿ ಸಿಕ್ಕಿಹಾಕ್ಕೊಂಡ್ರಿ ಅಂತ ಇಟ್ಕೊಳ್ಳಿ" ಎಂದರು.

"ಈ ಕಟ್ಟಡದಲ್ಲಿ ಲಿಫ್ಟೇ ಇಲ್ವಲ್ಲ ಸಾರ್?"

"ಅದಕ್ಕೇ ನಾನು ಇಲ್ಲಿರೋದು."

ಇಂಥ ಮುಂದಾಲೋಚನೆಗೆ ಎದುರಾಡುವುದುಂಟೆ? ಚಾಕು ಅಂದರೆ ಇವತ್ತಿನದೇ ಚಾಕು, ಹಳೆಯವೆಲ್ಲ ಬರೀ ಹಲ್ಲು ಸೆಟ್ಟು ಎಂದು ಗುಮಾಸ್ತರು ಅಲ್ಲೂ ಒಪ್ಪಿಕೊಂಡರು. ಸಂಜೆಯ ಹೊತ್ತಿಗೆ ಬೀಗದಕೈ ಹೆಂಡತಿಯ ಸೊಂಟದಲ್ಲಿತ್ತು. ಮಧ್ಯದ ಮನೆಗೆ ಬಂದವನು ನಮ್ಮವನು ಎಂದು ಕೆಳಗಿನವರು ನಂಬಿದರು, ಮೇಲಿನವರೂ ನಂಬಿದರು. ಒಬ್ಬರನ್ನೊಬ್ಬರು ಕೇಳುವಂತಿರಲಿಲ್ಲವಾದ್ದರಿಂದ ಗುಟ್ಟು ಭದ್ರವಾಗಿತ್ತು.

ಒಂದು ಭಾನುವಾರ ದೊಡ್ಡ ಯಜಮಾನರು ಗುಮಾಸ್ತರನ್ನು ಕೆಳಗೆ ಕರೆದರು. "ಬರೀ ಅಭಿಮಾನ ಇದ್ರೆ ಸಾಲ್ದಪ್ಪ, ಕೈಯಲ್ಲಿ ಒಂದು ಚಾಕು ಇರ್ಬೇಕು" ಎಂದು ಮೂಳೆ ಹಿಡಿಯ ಚಾಕುವೊಂದನ್ನು ಕೊಟ್ಟು ಮನೆಪಾಠ ಹೇಳಿದರು. "ದಿನಾ ಒಂದು ಹಣ್ಣು ಕೊಯ್ಯಿ. ಉಜ್ಜಬೇಡ, ಬಟ್ಟೆಯಲ್ಲಿ ಒರೆಸು, ಅಷ್ಟೇ. ತಿಂಗಳು ಕಳೆದ್ರೆ ಹಣ್ಣಿನ ಹುಳಿ ಹತ್ತಿ ಅಲಗಿಗೆ ಮೋಡದ ಬಣ್ಣ ಏರುತ್ತೆ. ಆ ಬಣ್ಣ ನೋಡೋಕೆ ನಾನೇ ಬರ್ತೀನಿ."

ಮೆಟ್ಟಿಲ ಮೇಲಿಂದ ಇದನ್ನು ಕಂಡ ಚಿಕ್ಕ ಯಜಮಾನರು ಸುಮ್ಮನಿದ್ದಾರೆಯೆ? ಆ ಮಧ್ಯಾಹ್ನವೇ ಅವರೂ ಕರೆದು ಕಪ್ಪು ಚಾಕು ಕೊಟ್ಟರು. "ಒಂದೇ ಕೈಯಲ್ಲಿ ತೆಗೆಯೋದು ಅಭ್ಯಾಸ ಮಾಡು. ಕೂತಾಗ, ನಿಂತಾಗ, ನಡೆಯೋವಾಗ. ಆದ್ರೆ ಏನನ್ನೂ ಕೊಯ್ಯಬೇಡ. ಚಾಕುವಿನ ಮೈಮೇಲೆ ಒಂದು ಗೀರು ಬಿದ್ರೂ ನಾನು ಸಹಿಸಲ್ಲ."

ರಾತ್ರಿಯ ಊಟಕ್ಕೆ ಮೊದಲು ಹೆಂಡತಿ ಎರಡು ಚಾಕುಗಳನ್ನೂ ಮುಂದಿಟ್ಟುಕೊಂಡು, "ಯಾವುದ್ರಲ್ಲಿ ಹಣ್ಣು ಕೊಯ್ಯೋದು?" ಎಂದು ಕೇಳಿದಳು. ಗುಮಾಸ್ತರಿಗೆ ಎರಡು ಪಾಠವೂ ಅಕ್ಷರ ಬಿಡದಂತೆ ನೆನಪಿತ್ತು. ಯಾವ ಪಾಠ ಯಾವ ಚಾಕುವಿನದು ಎಂಬುದು ಮಾತ್ರ ವಾಡಿಕೆಯಂತೆ ಹಾರಿಹೋಗಿತ್ತು.

ಮತ್ತೆ ಹೋಗಿ ಕೇಳಿದರೆ ಮಾನ ಹೋಗುತ್ತದೆ, ಮಾನದ ಜೊತೆ ಮನೆಯೂ ಹೋಗುತ್ತದೆ. ಗುಮಾಸ್ತರು ಬುದ್ಧಿ ಓಡಿಸಿದರು. "ನೋಡು, ಈ ಮೂಳೆ ಚಾಕು ವಯಸ್ಸಾದದ್ದು. ವಯಸ್ಸಾದವರಿಗೆ ಡಾಕ್ಟರು ಏನು ಹೇಳ್ತಾರೆ? ಕೆಲಸ ಬಿಡಿ, ಕೈಕಾಲು ಆಡಿಸಿ ಅಂತಾರೆ. ಅದಕ್ಕೇ ಇದನ್ನ ಬಿಡಿಸೋದು, ಮಡಿಚೋದು. ಈ ಕರಿಯ ಪ್ರಾಯದವನು, ಗಟ್ಟಿಮುಟ್ಟಾಗಿದ್ದಾನೆ. ಇವನು ದುಡೀಲಿ."

ಹೆಂಡತಿಗೂ ಇದು ನ್ಯಾಯವೆನಿಸಿತು. ಹೀಗೆ ಇಬ್ಬರ ಒಮ್ಮತದಿಂದ ಅನಾಹುತಕ್ಕೆ ಅಸ್ತಿಭಾರ ಬಿತ್ತು.

ಕಪ್ಪು ಚಾಕು ಅಡುಗೆಮನೆ ಸೇರಿತು. ಮೊದಲು ಹಣ್ಣು ಕೊಯ್ದಿತು. ಕೈಗೆ ಸಿಕ್ಕ ವಸ್ತುವಿನಿಂದ ಕೈಲಾದಷ್ಟು ಕೆಲಸ ತೆಗೆಯುವುದು ಹೆಂಡತಿಯ ಸ್ವಭಾವ. ವಾರದೊಳಗೆ ಅದು ಸೀದ ಬಾಣಲೆ ಕೆರೆಯಿತು, ಡಬ್ಬದ ಮುಚ್ಚಳ ಎಬ್ಬಿಸಿತು, ಕುರ್ಚಿಯ ಸ್ಕ್ರೂ ಬಿಗಿ ಮಾಡಿತು, ಕಿಟಕಿಯ ಹಳೇ ಬಣ್ಣ ಕಿತ್ತಿತು. "ಇಷ್ಟು ಒಳ್ಳೇ ಚಾಕು ನಾನು ನೋಡೇ ಇಲ್ಲ ಕಣ್ರೀ" ಎಂದು ಆಕೆ ಮನಸಾರೆ ಮೆಚ್ಚಿದಳು.

ಇತ್ತ ಗುಮಾಸ್ತರು ಮೂಳೆ ಚಾಕುವನ್ನು ಒಂದೇ ಕೈಯಲ್ಲಿ ಬಿಡಿಸುವ ಸಾಧನೆಗೆ ನಿಂತರು. ಎರಡು ಕೈಗಾಗಿ ಹುಟ್ಟಿದ ಚಾಕು ಅದು. ಸ್ಪ್ರಿಂಗು ಬಿಗಿ, ಜಗ್ಗಲಿಲ್ಲ. ಗುಮಾಸ್ತರು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರು. ಉಗುರು ಮುರಿಯಿತು, ಮತ್ತೆ ಎಣ್ಣೆ ಬಿಟ್ಟರು. ಸ್ನಾನದ ಕೋಣೆಯಲ್ಲಿ, ಬಸ್ಸಿನಲ್ಲಿ, ಲಾಂಡ್ರಿಯ ಕೌಂಟರಿನ ಹಿಂದೆ ಬಿಡಿಸಿದರು, ಮಡಿಚಿದರು. ಕೊನೆಗೊಂದು ದಿನ ಚಾಕುವಿನೊಳಗೆ ಹಿರಿಯರು ಕೆಮ್ಮುವುದು ನಿಂತುಹೋಗಿ, ಹೆಬ್ಬೆರಳು ಸೋಕಿದರೆ ಸಾಕು, ಅಲಗು ಜಾರಿ ಹೊರಗೆ ಬರತೊಡಗಿತು.

ಸರಿಯಾಗಿ ಅದೇ ದಿನ ಅದೇ ಗಳಿಗೆಯಲ್ಲಿ ಪೊಲೀಸ್ ಪೇದೆಯೊಬ್ಬರು ಲಾಂಡ್ರಿಗೆ ಬಂದರು. ಗಂಜಿ ಜೋರಾಗಿರಲಿ ಎಂದು ಕೊಟ್ಟಿದ್ದ ಅವರ ಸಮವಸ್ತ್ರ ಮಗುವಿನ ಅಂಗಿಯಂತೆ ಮೆತ್ತಗಾಗಿ ಬಂದಿತ್ತು. ಜಗಳಕ್ಕೆಂದು ಬಂದವರು ಗುಮಾಸ್ತರ ಕೈ ನೋಡಿ ನಿಂತರು.

"ಏನ್ರೀ ಅದು ಕೈಯಲ್ಲಿ?"

"ಅಭ್ಯಾಸ, ಸಾರ್. ಒಂದೇ ಕೈಯಲ್ಲಿ ಬಿಡಿಸೋದು."

"ಯಾಕೆ?"

"ಆಪತ್ತು ಬಂದಾಗ ಇನ್ನೊಂದು ಕೈ ಬಿಡುವಾಗಿರ್ಬೇಕಲ್ಲ."

"ಇನ್ನೊಂದು ಕೈಯಲ್ಲಿ ಏನು ಮಾಡ್ತೀರಿ?"

ಈ ಪ್ರಶ್ನೆ ಗುಮಾಸ್ತರಿಗೆ ಹೊಳೆದೇ ಇರಲಿಲ್ಲ. "ಅದನ್ನ ಇನ್ನೂ ಹೇಳ್ಕೊಟ್ಟಿಲ್ಲ ಸಾರ್."

"ಹೇಳ್ಕೊಡೋರು ಬೇರೆ ಇದ್ದಾರಾ?"

"ಇದ್ದಾರೆ. ಮೇಲೊಬ್ಬರು, ಕೆಳಗೊಬ್ಬರು."

"ಅವರ ಹತ್ರ ಎಷ್ಟು ಚಾಕು ಇದೆ?"

"ಕೆಳಗಿನವರ ಹತ್ರ ನಾಲ್ಕು ಡ್ರಾಯರು. ಮೇಲಿನವರ ಹತ್ರ ಎರಡು ಗೋಡೆ" ಎಂದರು ಗುಮಾಸ್ತರು, ಕೊಂಚ ಹೆಮ್ಮೆಯಿಂದಲೇ.

ಪೇದೆಯವರು ಕೆಲಸಕ್ಕೆ ಸೇರಿದಂದಿನಿಂದ ಒಂದು ಗ್ಯಾಂಗು ಹಿಡಿಯುವ ಕನಸು ಕಾಣುತ್ತಿದ್ದರು. ಸಿಕ್ಕವರೆಲ್ಲ ಸೈಕಲ್ಲಿಗೆ ದೀಪವಿಲ್ಲದವರು. ಅವರು ಮೆತ್ತಗಿನ ಕಾಲರನ್ನು ನೆಟ್ಟಗೆ ನಿಲ್ಲಿಸಲು ನೋಡಿ, ಅದು ಮತ್ತೆ ಬಾಗಿದಾಗ ಹಾಗೇ ಬಿಟ್ಟು, "ನಡೀರಿ ಮನೆಗೆ" ಎಂದರು.

ಮುಂದೆ ಗುಮಾಸ್ತರು, ಹಿಂದೆ ಪೇದೆ, ಬೀದಿಯಲ್ಲಿ ಮೆರವಣಿಗೆ ಹೊರಟಿತು. ಎದುರುಮನೆಯಾಕೆ ಬಾಲ್ಕನಿಯಿಂದ ಅರ್ಧ ದೇಹ ಹೊರಗೆ ಹಾಕಿ, "ಯಾರ ಬಟ್ಟೆ ಕಳೆದ್ರಿ?" ಎಂದು ಕೂಗಿದಳು. "ಬಟ್ಟೆ ಅಲ್ಲಮ್ಮ, ಚಾಕು" ಎಂದು ಗುಮಾಸ್ತರು ನಿಜ ಹೇಳಿದರು. ಅವರು ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ, ಲಾಂಡ್ರಿಯವರು ಯಾರನ್ನೋ ಇರಿದು ಬಟ್ಟೆ ಒಗೆದು ಸಾಕ್ಷ್ಯ ಕಳೆದಿದ್ದಾರೆ ಎಂದು ಆ ಬೀದಿಯ ಕೊನೆಯ ತನಕ ಎಲ್ಲರಿಗೂ ಖಚಿತವಾಗಿತ್ತು.

ಪೇದೆಯವರು ಯಜಮಾನರಿಬ್ಬರನ್ನೂ ಮಧ್ಯದ ಮನೆಗೆ ಕರೆಸಿದರು. ದೊಡ್ಡವರು ಬಂದು ಕಿಟಕಿಯ ಕಡೆ ಮುಖ ಮಾಡಿ ನಿಂತರು. ಚಿಕ್ಕವರು ಬಂದು ಗೋಡೆಯ ಕಡೆ ಮುಖ ಮಾಡಿ ನಿಂತರು.

"ಮೇಲಿನವರು ಬಂದಿದ್ದಾರಾ ಕೇಳಪ್ಪ" ಎಂದರು ದೊಡ್ಡವರು.

"ಬಂದಿದ್ದೀರಾ ಅಂತ ಕೇಳ್ತಿದ್ದಾರೆ" ಎಂದರು ಗುಮಾಸ್ತರು ಗೋಡೆಯ ಕಡೆ ತಿರುಗಿ.

"ಬಂದಿಲ್ಲ ಅಂತ ಹೇಳು."

"ಬಂದಿಲ್ವಂತೆ ಸಾರ್."

"ರೀ! ಇಬ್ರೂ ಇಲ್ಲೇ ಇದ್ದಾರಲ್ರೀ!" ಎಂದು ಪೇದೆಯವರು ಗುಡುಗಿ, ವಿಚಾರಣೆಗೆ ತೊಡಗಿದರು. "ಆ ಗೋಡೆ ಮೇಲಿನ ಚಾಕುಗಳಿಂದ ಇದುವರೆಗೆ ಏನೇನು ಕೊಯ್ದಿದ್ದೀರಿ?"

"ಏನೂ ಇಲ್ಲ!" ಚಿಕ್ಕವರಿಗೆ ಅವಮಾನವಾಯಿತು. "ಒಂದು ದಾರ ಕೂಡ ಇಲ್ಲ. ಅವೆಲ್ಲ ಆಪತ್ತಿಗೆ."

"ಆಪತ್ತು ಬಂದಿತ್ತಾ?"

"ಇನ್ನೂ ಇಲ್ಲ" ಎಂದರು ಚಿಕ್ಕವರು. ಆ ದನಿಯಲ್ಲಿ ಎಷ್ಟೋ ವರ್ಷದ ನಿರಾಸೆಯಿತ್ತು.

"ನೀವು?"

"ಸೇಬು, ಕಿತ್ತಳೆ" ಎಂದರು ದೊಡ್ಡವರು. "ಒಮ್ಮೆ ಪೇರಲ."

ಪೇದೆಯವರ ಗ್ಯಾಂಗು ಕಣ್ಣೆದುರೇ ಕರಗತೊಡಗಿತು. ಕೊನೆಯ ಆಸೆಯಿಂದ ಅವರು ಮೂಳೆ ಚಾಕುವನ್ನು ಮೇಜಿನ ಮೇಲಿಟ್ಟು, "ಈ ಮನೇಲಿ ಇನ್ನೊಂದು ಚಾಕು ಇದೆಯಾ?" ಎಂದು ಕೇಳಿದರು. ಗುಮಾಸ್ತರ ಹೆಂಡತಿ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಕಪ್ಪು ಚಾಕು, ಚಾಕುವಿನ ತುದಿಯಲ್ಲಿ ಸೇಬಿನ ಹೋಳು.

ಚಿಕ್ಕ ಯಜಮಾನರು ಗೋಡೆಯಿಂದ ತಿರುಗಿದರು. ತಾವು ಕೊಟ್ಟ ಚಾಕುವಿನ ಕಪ್ಪು ಬಣ್ಣ ಅರ್ಧ ಕಿತ್ತುಹೋಗಿತ್ತು, ತುದಿ ಸ್ಕ್ರೂ ತಿರುಗಿಸಿ ಮೊಂಡಾಗಿತ್ತು. "ಇದು... ಇದನ್ನ... ಕೊಯ್ಯೋಕೆ ಬಳಸಿದ್ರಾ?" ಎಂದು ತೊದಲಿದರು.

ಅಷ್ಟರಲ್ಲಿ ದೊಡ್ಡವರು ಮೇಜಿನ ಮೇಲಿನ ಮೂಳೆ ಚಾಕುವನ್ನು ಕಿವಿಯ ಹತ್ತಿರ ಹಿಡಿದು ಬಿಡಿಸಿದರು. ಶಬ್ದವೇ ಬರಲಿಲ್ಲ. ಮತ್ತೆ ಬಿಡಿಸಿದರು. "ಸ್ಪ್ರಿಂಗು ಸತ್ತುಹೋಗಿದೆ" ಎಂದು ಕುರ್ಚಿಯ ಮೇಲೆ ಕುಸಿದರು. "ಅಲಗು ಹುಟ್ಟಿದ ಹಾಗೇ ಬೆಳ್ಳಗಿದೆ. ಮೋಡ ಎಲ್ಲೋ? ನನ್ನ ಮೋಡ ಎಲ್ಲೋ?"

ಗುಮಾಸ್ತರಿಗೆ ಆಗ ತಿಳಿಯಿತು, ಪಾಠ ಅದಲುಬದಲಾಗಿದೆ ಎಂದು. ಇಬ್ಬರು ಯಜಮಾನರೂ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಒಂದೇ ಮಾತನ್ನು ಒಂದೇ ಬಾಯಿಂದ ಎಂಬಂತೆ ಹೇಳಿದರು: "ಮನೆ ಖಾಲಿ ಮಾಡು!"

ಹೆಂಡತಿಯ ಮುಖ ನೋಡುವ ಧೈರ್ಯ ಗುಮಾಸ್ತರಿಗೆ ಬರಲಿಲ್ಲ. ಲಾಂಡ್ರಿಯಲ್ಲಿ ಎಷ್ಟು ಬಟ್ಟೆ ಕೆಡಿಸಿದ್ದರೂ ಅವರಿಗೆ ಹೀಗಾಗಿರಲಿಲ್ಲ. ಪಾಪ, ನಿಜವಾಗಿ ಅಳು ಬಂತು.

ಆದರೆ ಮನುಷ್ಯನಿಗೆ ತನ್ನ ನಷ್ಟಕ್ಕಿಂತ ಪಕ್ಕದವನ ನಷ್ಟ ಎಷ್ಟೆಂದು ನೋಡುವ ಕುತೂಹಲ ಹೆಚ್ಚು. ದೊಡ್ಡವರು ಕಣ್ಣೊರೆಸಿಕೊಂಡು ಕಪ್ಪು ಚಾಕು ಎತ್ತಿಕೊಂಡರು. "ನೋಡು, ನೋಡು ನಿನ್ನ ಕಾರಿನ ಬಿಡಿಭಾಗದ ಗತಿ..." ಎಂದವರು ಅರ್ಧಕ್ಕೇ ನಿಲ್ಲಿಸಿದರು. ಕಿಟಕಿಯ ಬೆಳಕಿಗೆ ಹಿಡಿದರು. ಬಣ್ಣ ಕಿತ್ತುಹೋದ ಜಾಗದಲ್ಲಿ ಉಕ್ಕಿನ ಮೇಲೆ ಬೂದು, ನೀಲಿ, ಮತ್ತೆ ಬೂದು. ಮೂಸಿ ನೋಡಿದರು. ಕಿತ್ತಳೆಯ ವಾಸನೆ.

"ಇದಕ್ಕೆ ಮೋಡ ಏರಿದೆ ಕಣೋ" ಎಂದರು ಮೆಲ್ಲಗೆ. "ಇದು ಬದುಕಿದೆ."

ಚಿಕ್ಕವರು ಅಣ್ಣನನ್ನು ಅಣಕಿಸಲೆಂದೇ ಮೂಳೆ ಚಾಕು ಕೈಗೆತ್ತಿಕೊಂಡಿದ್ದರು. ಅಭ್ಯಾಸಬಲದಿಂದ ಹೆಬ್ಬೆರಳು ತಾಗಿತು. ಅಲಗು ಸರ್ರನೆ ಹೊರಗೆ ಬಂತು. ಮಡಿಚಿದರು, ಮತ್ತೆ ತಾಗಿಸಿದರು, ಮತ್ತೆ ಬಂತು. "ಒಂದೇ ಕೈಯಲ್ಲಿ!" ಎಂದರು. "ಅಣ್ಣಾ, ನಿನ್ನ ಹಲ್ಲು ಸೆಟ್ಟು ಒಂದೇ ಕೈಯಲ್ಲಿ ತೆರೆಯುತ್ತೆ! ಮೈಮೇಲೆ ಒಂದು ಗೀರೂ ಇಲ್ಲ!"

"ಒಬ್ಬರಿಗೊಬ್ಬರು ಮಾತಾಡಿದ್ರು!" ಎಂದು ಗುಮಾಸ್ತರ ಹೆಂಡತಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಮಾತಾಡಿದ್ದೇನು, ತಬ್ಬಿಕೊಂಡರು. ಕೈಯಲ್ಲಿ ಬಿಚ್ಚಿದ ಚಾಕು ಹಿಡಿದೇ ತಬ್ಬಿಕೊಂಡದ್ದರಿಂದ ಪೇದೆಯವರು ಗಾಬರಿಯಿಂದ ನಡುವೆ ನುಗ್ಗಬೇಕಾಯಿತು. ಅವರ ವೃತ್ತಿಜೀವನದಲ್ಲಿ ಚಾಕುವಿಗೆ ಅಷ್ಟು ಹತ್ತಿರ ಹೋದದ್ದು ಅದೊಂದೇ ಸಲ. ಅಣ್ಣತಮ್ಮಂದಿರು ಸೇಬಿನ ಹೋಳು ಹಂಚಿಕೊಂಡು ತಿಂದು, ಅಲ್ಲೇ ನಿಂತು ಮುಂದಿನ ಬಾಳನ್ನು ತೀರ್ಮಾನಿಸಿದರು. ಇನ್ನು ಬೇರೆ ಬೇರೆ ಇರುವುದು ಬೇಡ. ಕೆಳಗಿನ ಮನೆ ಪೂರ್ತಿ ಹಳೇ ಚಾಕುಗಳ ಸಂಗ್ರಹಾಲಯ, ಮೇಲಿನ ಮನೆ ಪೂರ್ತಿ ಹೊಸ ಚಾಕುಗಳ ಸಂಗ್ರಹಾಲಯ, ಮಧ್ಯದ ಮನೆಯಲ್ಲಿ ಅಣ್ಣತಮ್ಮ ಒಟ್ಟಿಗೆ.

"ಮಧ್ಯದ ಮನೆಯಲ್ಲಿ ನಾವಿದ್ದೀವಲ್ಲ ಸಾರ್?" ಎಂದರು ಗುಮಾಸ್ತರು.

"ನಿನ್ನ ಉಪಕಾರ ಮರೆಯೋಕುಂಟೇನಪ್ಪ!" ಎಂದು ದೊಡ್ಡವರು ಅವರ ಬೆನ್ನು ಸವರಿದರು. "ತಿಂಗಳ ಕೊನೆ ತನಕ ಆರಾಮಾಗಿರು. ಆಮೇಲೆ ಖಾಲಿ ಮಾಡು."

ಮೊದಲು ಕೋಪದಿಂದ ಹೊರಹಾಕಿದರು, ಈಗ ಪ್ರೀತಿಯಿಂದ ಹೊರಹಾಕುತ್ತಿದ್ದರು. ಕೋಪವಾಗಿದ್ದರೆ ಕಾಲು ಹಿಡಿದಾದರೂ ಇಳಿಸಬಹುದಿತ್ತು. ಗುಮಾಸ್ತರು ಹೆಂಡತಿಯ ಕಡೆ ನೋಡಿದರು. ಆಕೆ ಅಳಲಿಲ್ಲ, ಕೂಗಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಹಳ ವಿನಯದಿಂದ ಮುಂದೆ ಬಂದಳು.

"ತುಂಬ ಸಂತೋಷ ಆಯ್ತು. ನೀವಿಬ್ರೂ ಒಂದಾದ್ರಲ್ಲ, ಅಷ್ಟೇ ಸಾಕು. ಒಂದೇ ಒಂದು ಮಾತು ಕೇಳ್ಲಾ? ಸಂಗ್ರಹಾಲಯ ನೋಡೋಕೆ ಜನ ಬರ್ತಾರಲ್ಲ, ಅವರು ಮೊದಲು ಯಾವುದನ್ನ ನೋಡೋದು?"

"ಇದೇನಮ್ಮ ಕೇಳೋದು? ಕೆಳಗಿನದನ್ನ" ಎಂದರು ದೊಡ್ಡವರು. "ಬಾಗಿಲು ಅಲ್ಲೇ ಇರೋದು."

"ಅಂದ್ರೆ?" ಚಿಕ್ಕವರ ಹುಬ್ಬು ಗಂಟಾಯಿತು. "ನಾಲ್ಕು ಡ್ರಾಯರು ನೋಡಿ, ಮೆಟ್ಟಿಲು ಹತ್ತಿ, ಏದುಸಿರು ಬಿಡ್ತಾ ಬಂದು ನನ್ನವನ್ನ ನೋಡ್ಬೇಕಾ? ಮೊದಲು ಮೇಲೆ ಬರ್ಲಿ. ಇಳಿಯೋವಾಗ ಹೊತ್ತಿದ್ರೆ ನಿನ್ನವನ್ನ ನೋಡ್ಲಿ."

"ಹೊತ್ತಿದ್ರೆ ಅಂದ್ರೆ ಏನೋ?"

"ಹೊತ್ತಿದ್ರೆ ಅಂದ್ರೆ ಹೊತ್ತಿದ್ರೆ!"

"ಸಂಗ್ರಹಾಲಯದ ಹಲಗೆ ಮೇಲೆ ಯಾರ ಹೆಸರು ಮೊದಲು ಬರೆಸ್ತೀರಿ?" ಎಂದು ಆಕೆ ಇನ್ನೂ ಮೃದುವಾಗಿ ಕೇಳಿದಳು.

ಆಮೇಲೆ ಆಕೆ ಏನನ್ನೂ ಕೇಳಬೇಕಾಗಲಿಲ್ಲ. ಅಷ್ಟು ವರ್ಷ ಕೂಡಿಟ್ಟಿದ್ದ ಮಾತು, ಎರಡೂ ಕಡೆಯಿಂದ, ಒಟ್ಟಿಗೇ ಹೊರಬಿತ್ತು. ಲಾಕಿಲ್ಲದ ಚಾಕು ಚಾಕುವೇ, ಕ್ಲಿಪ್ಪಿರುವ ಚಾಕು ಪೆನ್ನೇ, ಚಿಕ್ಕಂದಿನಲ್ಲಿ ಪೆನ್ಸಿಲ್ ಚೂಪು ಮಾಡುವಾಗ ಯಾರ ಬೆರಳು ಯಾರು ಕೊಯ್ದದ್ದು, ಎಲ್ಲವೂ ಬಂತು. ಪೇದೆಯವರು ರಾಜಿ ಮಾಡಿಸಲು ಹೋಗಿ, "ನಿಮ್ಮ ಮಟ್ಟಿಗೆ ಯಾವುದು ಚಾಕು, ಹೇಳಿ" ಎಂದು ಇಬ್ಬರೂ ತಮ್ಮನ್ನೇ ಹಿಡಿದು ಕೇಳಿದಾಗ, ತಮ್ಮ ಗಂಜಿಯ ದೂರನ್ನು ಕೂಡ ಹೇಳದೆ ಮೆಟ್ಟಿಲಿಳಿದರು. ದೀಪ ಹಚ್ಚುವ ಹೊತ್ತಿಗೆ ದೊಡ್ಡವರು ಕೆಳಗೆ ಹೋದರು, ಚಿಕ್ಕವರು ಮೇಲೆ ಹೋದರು, ಸಂಗ್ರಹಾಲಯ ಎಲ್ಲೂ ಹೋಗಲಿಲ್ಲ.

ಮರುದಿನ ಸಂಜೆ ಗುಮಾಸ್ತರು ಕೆಲಸ ಮುಗಿಸಿ ಬಂದಾಗ ಅವರ ಹಜಾರದ ಎರಡು ಕುರ್ಚಿಯಲ್ಲೂ ಯಜಮಾನರು ಕೂತಿದ್ದರು. ಹಿಂದಿನ ದಿನದ ಜಗಳ ಮುಗಿದಿರಲಿಲ್ಲ. ತಮ್ಮನ ಮನೆಗೆ ಅಣ್ಣ ಹತ್ತುವಂತಿಲ್ಲ, ಅಣ್ಣನ ಮನೆಗೆ ತಮ್ಮ ಇಳಿಯುವಂತಿಲ್ಲ, ಮರ್ಯಾದೆಯ ಪ್ರಶ್ನೆ. ಆದರೆ ಇಷ್ಟು ವರ್ಷದ ಮೇಲೆ ಬಾಯಿಬಿಟ್ಟು ಜಗಳವಾಡಿದ ಸುಖವನ್ನು ಇಬ್ಬರೂ ಬಿಡಲಾರರು. ಅದರ ಮರುದಿನವೂ ಬಂದರು. ಆಮೇಲೆ ದಿನಾ ಬಂದರು, ಬರುವಾಗ ಒಂದೊಂದು ಚಾಕುವನ್ನೂ ತಂದರು.

"ಮನೆ ಖಾಲಿ ಮಾಡೋ ಯೋಚನೆ ಏನಾದ್ರೂ ಇದ್ರೆ ಇವತ್ತೇ ಬಿಟ್ಟುಬಿಡಪ್ಪ" ಎಂದು ದೊಡ್ಡವರು ಕಟ್ಟುನಿಟ್ಟಾಗಿ ಹೇಳಿದರು. "ನೀವು ಹೋದ್ರೆ ನಾವೆಲ್ಲಿ ಕೂತು ಮಾತಾಡೋದು?"

"ಅದೊಂದು ಮಾತು ಮಾತ್ರ ನಮ್ಮಣ್ಣ ಸರಿಯಾಗಿ ಹೇಳಿದ" ಎಂದರು ಚಿಕ್ಕವರು.

ಈಗ ಎದುರುಮನೆಯಾಕೆ ಸಂಜೆಯಾದರೆ ಬಾಲ್ಕನಿಗೆ ಬಂದು ಒಂದು ದೃಶ್ಯ ನೋಡುತ್ತಾಳೆ. ಗಂಜಿ ಗುಮಾಸ್ತರೂ ಅವರ ಹೆಂಡತಿಯೂ ಕಟ್ಟಡದ ಹೊರಮೆಟ್ಟಿಲ ಮೇಲೆ ಪಕ್ಕಪಕ್ಕ ಕೂತು ಟೀ ಕುಡಿಯುತ್ತಿರುತ್ತಾರೆ. ಮಧ್ಯದ ಮನೆಯಿಂದ ಅಣ್ಣತಮ್ಮಂದಿರ ಕೂಗಾಟ ಕೇಳುತ್ತಿರುತ್ತದೆ. ಮೊನ್ನೆ ಆಕೆಗೆ ತಡೆಯಲಾಗಲಿಲ್ಲ.

"ಅಯ್ಯೋ ಪಾಪ, ಕೊನೆಗೂ ನಿಮ್ಮನ್ನ ಮನೆಯಿಂದ ಹೊರಗೆ ಹಾಕಿಬಿಟ್ರಾ?"

"ಇಲ್ಲಮ್ಮ" ಎಂದರು ಗುಮಾಸ್ತರು, ಪಕ್ಕಕ್ಕೆ ಸರಿದು ಹೆಂಡತಿಗೆ ಇನ್ನಷ್ಟು ಜಾಗ ಮಾಡಿಕೊಡುತ್ತ. "ಮನೆ ಖಾಯಂ ಆಯ್ತು."